ಬಿಚ್ಚಲು ಬಾರದ ಕೌಲಿಂಗ್ ಫಾಸ್ಟ್‌ನರ್, ಬಿಗಿ ನಿಲ್ಲದ ಕೌಲಿಂಗ್ ಫಾಸ್ಟ್‌ನರ್: ಏನು ಮಾಡಬೇಕು?

ಮುಂಬೈಯ ಜುಹು ಮತ್ತು ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ವಿಮಾನ ಹಾರಿಸಲು ಅಥವಾ ರಿಪೇರಿ ಕೆಲಸ ಕಲಿಯಲು ಬಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಹೆಚ್ಚಾಗಿ ಎರಡೇ. "ಸರ್, ಕೌಲಿಂಗಿನ ಒಂದು ಸ್ಕ್ರೂ ಬರ್ತಾನೇ ಇಲ್ಲ, ತಲೆ ಸವೆದುಹೋಯ್ತು" ಅನ್ನುವುದು ಒಂದು. "ಲಾಕ್ ಆಗಿದೆ, ಆದ್ರೆ ಕೈಯಿಂದ ಒತ್ತಿದ್ರೆ ಕಟಕಟ ಅನ್ನುತ್ತೆ, ಹಾರಬಹುದಾ?" ಅನ್ನುವುದು ಇನ್ನೊಂದು. ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಜಾಮ್ ಆದದ್ದಕ್ಕೂ ಲೂಸಾದದ್ದಕ್ಕೂ ಬಹಳ ಸಲ ಕಾರಣ ಒಂದೇ. ಹಿಂದೆ ಯಾರೋ ಅದನ್ನು ಬಲವಂತವಾಗಿ ತಿರುಗಿಸಿರುತ್ತಾರೆ.

ಫಾಸ್ಟ್‌ನರ್ ಅಂದರೆ ಕೌಲಿಂಗನ್ನು ಹಿಡಿದಿಡುವ ಸ್ಕ್ರೂ ಅಥವಾ ಲಾಕ್. ಕೌಲಿಂಗ್ ಅಂದರೆ ಎಂಜಿನ್ನಿನ ಸುತ್ತ ಇರುವ ಹೊದಿಕೆ. ಕೆಲವು ವಿಮಾನಗಳಲ್ಲಿ ಅದು ಅಲ್ಯೂಮಿನಿಯಂ ತಗಡಿನದು, ಕೆಲವದರಲ್ಲಿ ಫೈಬರ್‌ಗ್ಲಾಸಿನದು. ಅದು ಬರೀ ಮುಚ್ಚಳ ಅಲ್ಲ. ಸಣ್ಣ ವಿಮಾನಗಳ ಲೈಕಮಿಂಗ್‌ನಂಥ ಎಂಜಿನ್‌ಗಳು ಗಾಳಿಯಿಂದ ತಣ್ಣಗಾಗುವಂಥವು. ಮುಂದಿನಿಂದ ನುಗ್ಗಿದ ಗಾಳಿ ಸಿಲಿಂಡರುಗಳ ಮೇಲಿಂದ ಕೆಳಗೆ ಇಳಿದು ಹೋಗಬೇಕು. ಆ ದಾರಿ ಮಾಡಿಕೊಡುವುದು ಕೌಲಿಂಗ್ ಮತ್ತು ಒಳಗಿನ ಬ್ಯಾಫಲ್‌ಗಳು, ಅಂದರೆ ಗಾಳಿಯನ್ನು ತಿರುಗಿಸುವ ತಗಡು ಮತ್ತು ರಬ್ಬರ್ ಪಟ್ಟಿಗಳು. ಕೌಲಿಂಗ್ ಸರಿಯಾಗಿ ಕೂರದಿದ್ದರೆ ಗಾಳಿ ಸೋರುತ್ತದೆ, ಸಿಲಿಂಡರ್ ಬಿಸಿ ಏರುತ್ತದೆ. ಇನ್ನೂ ಕೆಟ್ಟದ್ದೂ ಆಗಬಹುದು. ಮುಂದಿನ ಅಂಚು ಎದ್ದರೆ ಗಾಳಿ ಅದನ್ನು ಕಿತ್ತೇ ಬಿಡುತ್ತದೆ.

ಮೊದಲು ಯಾರು ಏನು ಮಾಡಬಹುದು ಅನ್ನುವುದು

ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆ ಹೆಚ್ಚಿನದು ಅಮೆರಿಕದ್ದು. ಅಲ್ಲಿನ ನಿಯಮದಲ್ಲಿ ಪೈಲಟ್ ತಾನೇ ಮಾಡಿಕೊಳ್ಳಬಹುದಾದ ಸಣ್ಣ ಕೆಲಸಗಳ ಒಂದು ಪಟ್ಟಿ ಇದೆ. ಪ್ರೊಪೆಲರ್ ಬಿಚ್ಚದೆ, ಕಂಟ್ರೋಲ್ ಕಳಚದೆ ತೆಗೆಯಬಹುದಾದ ಕೌಲಿಂಗ್ ಆ ಪಟ್ಟಿಯಲ್ಲಿದೆ. ಅದನ್ನು ಓದಿ ಇಲ್ಲಿ ಸ್ಕ್ರೂ ಡ್ರೈವರ್ ಹಿಡಿಯಬೇಡಿ. ನಮ್ಮಲ್ಲಿ ರಿಪೇರಿ ಕೆಲಸಕ್ಕೆ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಲೈಸೆನ್ಸ್ ಇರುವ ಎಎಂಇ, ಅಂದರೆ ವಿಮಾನ ನಿರ್ವಹಣೆಯ ಎಂಜಿನಿಯರ್, ನೋಡಿ ಸಹಿ ಹಾಕಬೇಕು. ನೀವು ಪೈಲಟ್ ವಿದ್ಯಾರ್ಥಿಯಾದರೆ ನಿಮ್ಮ ಕೆಲಸ ದೋಷ ಗುರುತಿಸಿ ಬರೆಸುವುದು. ಎಎಂಇ ಕಲಿಯುತ್ತಿರುವವರಾದರೆ ಹಿರಿಯರ ಕಣ್ಣೆದುರಿಗೇ ಮಾಡಿ. ಸ್ವಂತ ವಿಮಾನ ಇದ್ದರೆ ಏನನ್ನು ಮುಟ್ಟಬಹುದು ಅಂತ ನಿಮ್ಮ ಎಎಂಇ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಕೆಳಗೆ ಬರೆದಿರುವುದನ್ನು ಅದರ ಜೊತೆಗೇ ಓದಿಕೊಳ್ಳಿ. ವಿಮಾನದ ಮೆಂಟೆನೆನ್ಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಕೊನೆಯ ಮಾತು.

ನಿಮ್ಮ ಕೈಯಲ್ಲಿರುವುದು ಯಾವ ಜಾತಿ?

ಇದನ್ನು ಗುರುತಿಸದೆ ಕೆಲಸ ಶುರು ಮಾಡುವುದೇ ಅರ್ಧ ತೊಂದರೆಗೆ ಮೂಲ. ಹೊರಗಿನಿಂದ ಎಲ್ಲವೂ ಸ್ಕ್ರೂ ತಲೆಯ ಹಾಗೇ ಕಾಣುತ್ತವೆ.

ಕ್ಯಾಮ್‌ಲಾಕ್: ಕಾಲು ಸುತ್ತಿನ ಫಾಸ್ಟ್‌ನರ್. ಕೌಲಿಂಗಿಗೆ ಅಂಟಿಕೊಂಡಿರುವ ಗೂಟಕ್ಕೆ ಸ್ಟಡ್ ಅನ್ನುತ್ತಾರೆ. ಅದರ ತುದಿಯಲ್ಲಿ ಅಡ್ಡಕ್ಕೆ ಒಂದು ಪಿನ್ನು. ವಿಮಾನದ ಕಡೆ ರಿವೆಟ್ ಹೊಡೆದು ಕೂರಿಸಿರುವುದು ರಿಸೆಪ್ಟಕಲ್. ಅದರೊಳಗೆ ಇಳಿಜಾರಿನ ದಾರಿ ಇರುತ್ತದೆ. ಸ್ಟಡ್ ಒತ್ತಿ ಬಲಕ್ಕೆ ಕಾಲು ಸುತ್ತು ತಿರುಗಿಸಿದರೆ ಪಿನ್ನು ಆ ಇಳಿಜಾರು ಹತ್ತಿ, ಕೊನೆಯ ಕುಳಿಯಲ್ಲಿ ಬಿದ್ದು ಕೂರುತ್ತದೆ. ಹಿಡಿತ ಕೊಡುವುದು ಸ್ಪ್ರಿಂಗ್. ಕೆಲವು ಮಾದರಿಯಲ್ಲಿ ಅದು ಸ್ಟಡ್‌ನಲ್ಲೇ ಇರುತ್ತದೆ, ಕೆಲವದರಲ್ಲಿ ರಿಸೆಪ್ಟಕಲ್‌ನಲ್ಲಿ. ಹಳೇ ಪಿನ್ ಬಲ್ಬನ್ನು ಹೋಲ್ಡರಿಗೆ ಹಾಕುವುದು ನೆನಪಿದೆ ಅಲ್ವಾ? ಒತ್ತಬೇಕು, ತಿರುಗಿಸಬೇಕು, ಬಿಡಬೇಕು. ಇದೂ ಹಾಗೇ.

ಜೂಸ್: ಇದೂ ಕಾಲು ಸುತ್ತಿನದೇ. ಅಮೆರಿಕದಲ್ಲಿ ವಿಲಿಯಂ ಜೂಸ್ ಅನ್ನುವವರು ಮಾಡಿದ್ದು, ಅವರ ಹೆಸರೇ ಉಳಿದುಕೊಂಡಿದೆ. ಇದರ ಸ್ಟಡ್‌ನಲ್ಲಿ ಸುರುಳಿ ಸೀಳು ಇರುತ್ತದೆ. ಅದು ಆ ಕಡೆ ಇರುವ ಬಗ್ಗಿಸಿದ ತಂತಿಯ ಸ್ಪ್ರಿಂಗನ್ನು ಹಿಡಿದು ಎಳೆದುಕೊಳ್ಳುತ್ತದೆ. ತಲೆಯ ಮೇಲೆ ಅಕ್ಷರ ಮತ್ತು ಅಂಕಿ ಇದ್ದರೆ ಓದಿಕೊಳ್ಳಿ. ಉದಾಹರಣೆಗೆ ಎಫ್, ಆರೂವರೆ, .50 ಅಂತ ಇದ್ದರೆ ತಲೆ ಮಟ್ಟಸವಾಗಿ ಕೂರುವಂಥದ್ದು, ದಪ್ಪ ಹದಿನಾರನೇ ಇಂಚಿನ ಲೆಕ್ಕದಲ್ಲಿ ಆರೂವರೆ, ಉದ್ದ ಅರ್ಧ ಇಂಚು ಎಂದು ಅರ್ಥ.

ಸ್ಕ್ರೂ: ಫಿಲಿಪ್ಸ್ ತಲೆಯ ನಿಜವಾದ ಸ್ಕ್ರೂಗಳು. ಸಾಮಾನ್ಯವಾಗಿ 8 ಅಥವಾ 10ನೇ ನಂಬರಿನವು. ಹಿಂದೆ ನಟ್‌ಪ್ಲೇಟ್ ಇರುತ್ತದೆ, ಅಂದರೆ ರಿವೆಟ್ ಹೊಡೆದು ನಿಲ್ಲಿಸಿದ ನಟ್. ಇಲ್ಲವೇ ಅಂಚಿಗೆ ಸಿಕ್ಕಿಸಿದ ಟಿನ್ನರ್‌ಮನ್ ಕ್ಲಿಪ್ ನಟ್.

ಪೈಪರ್ ಪಿಎ-28ರಂಥ ವಿಮಾನದಲ್ಲಿ ಮೇಲಿನ ಕೌಲಿಂಗನ್ನು ಬದಿಯ ಲ್ಯಾಚ್‌ಗಳು ಹಿಡಿಯುತ್ತವೆ. ಅದರ ಕಥೆ ಬೇರೆ, ಇಲ್ಲಿ ಬೇಡ.

ಇಷ್ಟು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡಬಹುದು. ಕಾಲು ಸುತ್ತಿನದನ್ನು ಮಾಡಲು ಆಗುವುದಿಲ್ಲ. ಅದು ಲಾಕ್ ಆಗಿದೆ ಅಥವಾ ಆಗಿಲ್ಲ, ನಡುವೆ ಏನೂ ಇಲ್ಲ. "ಇನ್ನೊಂಚೂರು ಬಿಗಿ ಮಾಡೋಣ" ಅಂತ ತಿರುಗಿಸಿದರೆ ಒಳಗಿನ ತಡೆ ಮುರಿಯುತ್ತದೆ. ಆಮೇಲೆ ಅದು ಬಿಗಿಯೂ ನಿಲ್ಲುವುದಿಲ್ಲ, ಸಲೀಸಾಗಿ ಬಿಚ್ಚಲೂ ಬರುವುದಿಲ್ಲ.

ಬೇಕಾಗುವ ಸಾಮಾನು

ಹೊಸ ಫಿಲಿಪ್ಸ್ 2ನೇ ನಂಬರ್ ಬಿಟ್‌ಗಳು ನಾಲ್ಕಾರು, ಅಗಲ ತುದಿಯ ಚಪ್ಪಟೆ ಸ್ಕ್ರೂ ಡ್ರೈವರ್, ಟಿ ಹಿಡಿ, ಸಣ್ಣ ರಬ್ಬರ್ ಸುತ್ತಿಗೆ, ಚೂಪು ಕೊಕ್ಕೆ, ಟಾರ್ಚು, ಕೋಲಿನ ತುದಿಯ ಕನ್ನಡಿ, ತುಕ್ಕು ಸಡಿಲಿಸುವ ಎಣ್ಣೆ, ವಾಲ್ವ್ ಉಜ್ಜುವ ಪೇಸ್ಟ್ ಸ್ವಲ್ಪ, ಬಟ್ಟೆ, ಬಿಚ್ಚಿದ್ದನ್ನು ಇಡಲು ಮುಚ್ಚಳ ಇರುವ ಡಬ್ಬಿ. ಮುಂಬೈಯಲ್ಲಾದರೆ ನಾಗದೇವಿ ಸ್ಟ್ರೀಟ್, ಪುಣೆಯಲ್ಲಾದರೆ ಬೊಹ್ರಿ ಆಳಿ ಸುತ್ತಿದರೆ ಈ ಉಪಕರಣಗಳೆಲ್ಲ ಸಿಗುತ್ತವೆ. ಬಿಟ್ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಅಗ್ಗದ ಬಿಟ್ಟಿನ ಮೂಲೆಗಳು ಎರಡೇ ದಿನದಲ್ಲಿ ದುಂಡಗಾಗುತ್ತವೆ, ಜೊತೆಗೆ ಸ್ಕ್ರೂ ತಲೆಯನ್ನೂ ದುಂಡಗೆ ಮಾಡುತ್ತವೆ.

ಆದರೆ ಅದೇ ಬೀದಿಯಲ್ಲಿ "ಸೇಮ್ ಸೈಜ್ ಹೈ" ಅಂತ ಕೊಡುವ ಸ್ಕ್ರೂ, ನಟ್, ಸ್ಟಡ್ ಮಾತ್ರ ತರಬೇಡಿ. ವಿಮಾನಕ್ಕೆ ಹಾಕುವ ಬಿಡಿಭಾಗಕ್ಕೆ ಕಾಗದ ಬೇಕು. ಭಾರತದ ಸಿಎ ಫಾರ್ಮ್ 1, ಅಮೆರಿಕದ 8130-3, ಯುರೋಪಿನ ಈಸಾ ಫಾರ್ಮ್ 1 ಇಂಥವು ಬಿಡಿಭಾಗದ ಜೊತೆ ಬರುವ ಪ್ರಮಾಣಪತ್ರಗಳು. ಸ್ಕ್ರೂನಂಥ ಸ್ಟ್ಯಾಂಡರ್ಡ್ ಭಾಗಕ್ಕೆ ಯಾವ ಕಾಗದ ಸಾಕು ಅಂತ ಸ್ಟೋರ್ಸಿನವರನ್ನು, ಎಎಂಇಯನ್ನು ಕೇಳಿ. ಎರಡು ರೂಪಾಯಿಯ ಸ್ಕ್ರೂಗೆ ಇಷ್ಟೆಲ್ಲಾ ಯಾಕೆ ಅನಿಸಬಹುದು. ಆ ಎರಡು ರೂಪಾಯಿಯದು ಯಾವ ಉಕ್ಕಿನದು, ಅದಕ್ಕೆ ಯಾವ ಲೇಪ ಇದೆ ಅಂತ ಅಂಗಡಿಯವರಿಗೇ ಗೊತ್ತಿರುವುದಿಲ್ಲ.

ಕೈ ಹಾಕುವ ಮುಂಚೆ

ಎಂಜಿನ್ ತಣ್ಣಗಾಗಿರಬೇಕು. ಕೀ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಮ್ಯಾಗ್ನೆಟೊ, ಮಾಸ್ಟರ್ (ಬ್ಯಾಟರಿಯ ಮುಖ್ಯ ಸ್ವಿಚ್) ಎರಡೂ ಆಫ್. ಮ್ಯಾಗ್ನೆಟೊ ಅಂದರೆ ಬ್ಯಾಟರಿ ಇಲ್ಲದೆಯೇ ಕಿಡಿ ಹುಟ್ಟಿಸುವ ಯಂತ್ರ. ಅದರ ಗ್ರೌಂಡ್ ವೈರ್ ತುಂಡಾಗಿದ್ದರೆ ಕೀ ಆಫ್ ಇದ್ದರೂ ಪ್ರೊಪೆಲರ್ ಅಲುಗಿಸಿದಾಗ ಎಂಜಿನ್ ಕಿಕ್ ಹೊಡೆಯಬಹುದು. ಹಾಗಾಗಿ ಪ್ರೊಪೆಲರಿಗೆ ಒರಗಬೇಡಿ, ಅದನ್ನು ಹಿಡಿಕೆಯ ಹಾಗೆ ಬಳಸಬೇಡಿ. ಚಕ್ರಕ್ಕೆ ಅಡ್ಡ ಕೊಡಿ. ಕೆಳಗಿನ ಕೌಲಿಂಗಿಗೆ ಲ್ಯಾಂಡಿಂಗ್ ಲೈಟಿನ ವೈರ್ ಇದೆಯಾ ಅಂತ ನೋಡಿಕೊಳ್ಳಿ. ಅದನ್ನು ಮರೆತು ಎಳೆದು ತುಂಡು ಮಾಡಿದವರು ಬಹಳ ಜನ.

ಜಾಮ್ ಆಗಿದ್ದರೆ

1. ಸುತ್ತಲಿನವನ್ನು ಬಿಚ್ಚಬೇಡಿ.

ಇದೇ ಎಲ್ಲರೂ ಎಡವುವ ಜಾಗ. ಸುಲಭವಾಗಿ ಬರುವವನ್ನೆಲ್ಲ ಮೊದಲು ಬಿಚ್ಚಿ, ಹಟಮಾರಿಯನ್ನು ಕೊನೆಗೆ ಬಿಡುತ್ತಾರೆ. ಆಗ ಇಡೀ ಕೌಲಿಂಗಿನ ಭಾರ ಆ ಒಂದರ ಮೇಲೆ ನೇತಾಡುತ್ತದೆ. ಸ್ಟಡ್ ಓರೆಯಾಗಿ ಇನ್ನೂ ಬಿಗಿಯಾಗುತ್ತದೆ, ಫೈಬರ್‌ಗ್ಲಾಸಿನ ತೂತು ಹರಿಯುತ್ತದೆ. ಅದಕ್ಕೇ ಜಾಮ್ ಆದದ್ದಕ್ಕೆ ಮೊದಲು ಕೈ ಹಾಕಿ. ಅಕ್ಕಪಕ್ಕದವು ಹಿಡಿದುಕೊಂಡೇ ಇರಲಿ.

2. ತಲೆಯ ಸೀಳನ್ನು ಸ್ವಚ್ಛ ಮಾಡಿ.

ಬಣ್ಣ, ಮಣ್ಣು, ಹಳೇ ಎಣ್ಣೆ ಸೀಳಿನಲ್ಲಿ ತುಂಬಿದ್ದರೆ ಬಿಟ್ ತಳ ಮುಟ್ಟುವುದೇ ಇಲ್ಲ, ಮೇಲ್ಮೇಲೆ ಹಿಡಿದು ಜಾರುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ವಿಮಾನದಲ್ಲಿ ಇದು ಗ್ಯಾರಂಟಿ. ಚೂಪು ಕೊಕ್ಕೆಯಿಂದ ಕೆರೆದು ಲೋಹ ಕಾಣುವ ತನಕ ತೆಗೆಯಿರಿ. ತಲೆಯ ಸುತ್ತ ಬಣ್ಣ ಕಟ್ಟಿಕೊಂಡಿದ್ದರೆ ಬ್ಲೇಡಿನಿಂದ ಗೆರೆ ಹಾಕಿ ಬಿಡಿಸಿ. ಇಲ್ಲದಿದ್ದರೆ ತಿರುಗಿಸುವಾಗ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

3. ಒತ್ತಡ ಇಳಿಸಿ.

ಕಾಲು ಸುತ್ತಿನದಾದರೆ ಜೊತೆಗಾರರೊಬ್ಬರು ಅದರ ಪಕ್ಕದಲ್ಲೇ ಅಂಗೈ ಇಟ್ಟು ಕೌಲಿಂಗನ್ನು ಒಳಕ್ಕೆ ಒತ್ತಲಿ. ನೀವು ಸ್ಟಡ್ ಒಳಕ್ಕೆ ಒತ್ತಿಕೊಂಡೇ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬರಲಿಲ್ಲವಾ? ಕೌಲಿಂಗನ್ನು ಸ್ವಲ್ಪ ಮೇಲಕ್ಕೆ, ಕೆಳಕ್ಕೆ, ಮುಂದಕ್ಕೆ ಸರಿಸುತ್ತಾ ಮತ್ತೆ ನೋಡಿ. ಜಾಮ್ ಅಂತ ಹೇಳಿ ಕರೆಸುವ ಕ್ಯಾಮ್‌ಲಾಕ್‌ಗಳಲ್ಲಿ ಬಹಳಷ್ಟು ಇಲ್ಲಿಗೇ ಬಿಚ್ಚಿಕೊಳ್ಳುತ್ತವೆ. ಅವು ಜಾಮ್ ಆಗಿರುವುದೇ ಇಲ್ಲ, ಓರೆಯಾಗಿ ಸಿಕ್ಕಿಕೊಂಡಿರುತ್ತವೆ.

4. ಎಣ್ಣೆ ಹಾಕಿ, ಕಾಯಿರಿ.

ತುಕ್ಕು ಸಡಿಲಿಸುವ ಎಣ್ಣೆ ಒಂದೆರಡು ತೊಟ್ಟು ಸಾಕು. ಎಂಜಿನ್ ಕಡೆಯಿಂದ ಕೈ ಹೋಗುವುದಾದರೆ ಹಿಂದಿನಿಂದಲೂ ಹಾಕಿ. ಆಯಿಲ್ ನೋಡುವ ಸಣ್ಣ ಬಾಗಿಲು, ಮುಂದಿನ ಗಾಳಿ ಬಾಯಿ, ಕೆಳಗಿನ ತೆರೆದ ಜಾಗ, ಎಲ್ಲಿಂದ ಸಿಕ್ಕರೂ ಸರಿ. ಸ್ಪ್ರೇ ಡಬ್ಬಿ ಹಿಡಿದು ಸುಮ್ನೆ ಬುಸ್ ಅನಿಸಬೇಡಿ. ಅದು ರಬ್ಬರ್ ಹೋಸ್, ಬ್ಯಾಫಲ್ ಪಟ್ಟಿ, ವೈರುಗಳ ಮೇಲೆಲ್ಲ ಬೀಳುತ್ತದೆ. ಫೈಬರ್‌ಗ್ಲಾಸಿನ ಕತ್ತರಿಸಿದ ಅಂಚು ಎಣ್ಣೆ ಕುಡಿದರೆ ಮುಂದೆ ರಿಪೇರಿಗೆ ಅಂಟು ಹಿಡಿಯುವುದಿಲ್ಲ.

ಎಣ್ಣೆ ಹಾಕಿದ ಐದೇ ನಿಮಿಷಕ್ಕೆ ಶುರು ಹಚ್ಚಿಕೊಳ್ಳುವವರೇ ಜಾಸ್ತಿ. ಸಂಜೆ ಹಾಕಿ ಬೆಳಗ್ಗೆ ನೋಡಿ. ವಿಮಾನ ಅಲ್ಲೇ ಇರುತ್ತದೆ.

5. ಸ್ಕ್ರೂವಾದರೆ ಬಿಟ್ಟಿಗೆ ಹಿಡಿತ ಕೊಡಿ.

ಬಿಟ್ ಇಟ್ಟು ಅಲ್ಲಾಡಿಸಿ ನೋಡಿ. ಆಡುತ್ತಿದ್ದರೆ ಅಳತೆ ತಪ್ಪು, ಅಥವಾ ಬಿಟ್ ಸವೆದಿದೆ. ಸರಿಯಾದ ಬಿಟ್ಟಿನ ತುದಿಗೆ ವಾಲ್ವ್ ಪೇಸ್ಟ್ ಚೂರು ಹಚ್ಚಿ. ಅದರಲ್ಲಿರುವ ಮರಳಿನಂಥ ಕಣಗಳು ಹಿಡಿದು ನಿಲ್ಲಿಸುತ್ತವೆ. ಡ್ರೈವರನ್ನು ನೇರ ನಿಲ್ಲಿಸಿ ಹಿಂದಿನಿಂದ ರಬ್ಬರ್ ಸುತ್ತಿಗೆಯಲ್ಲಿ ಎರಡು ಮೂರು ಸಣ್ಣ ಏಟು ಕೊಡಿ. ಆ ಅದುರಿಗೆ ಥ್ರೆಡ್‌ನೊಳಗಿನ ತುಕ್ಕು ಬಿರುಕು ಬಿಡುತ್ತದೆ. ಆಮೇಲೆ ಮೈಭಾರ ಹಾಕಿ ಒತ್ತಿ, ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ನೂರು ಪಾಲು ಶಕ್ತಿ ಇದ್ದರೆ ಎಪ್ಪತ್ತು ಒತ್ತಲಿಕ್ಕೆ, ಮೂವತ್ತು ತಿರುಗಿಸಲಿಕ್ಕೆ ಅಂದುಕೊಳ್ಳಿ.

ಬಿಟ್ ಒಂದು ಸಲ ಜಾರಿತು ಅಂದರೆ ನಿಲ್ಲಿಸಿ. ಎರಡನೇ ಸಲ ಜಾರಿದರೆ ತಲೆ ಹೋದ ಹಾಗೇ. ಬ್ಯಾಟರಿ ಡ್ರೈವರಿನಲ್ಲಿ ಜಾಮ್ ಬಿಚ್ಚಲು ಹೋಗಲೇಬೇಡಿ. ಜಾರಿದ್ದು ನಿಮಗೆ ತಿಳಿಯುವಷ್ಟರಲ್ಲಿ ಅದು ಹತ್ತು ಸುತ್ತು ತಿರುಗಿರುತ್ತದೆ.

6. ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್, ಮತ್ತು ಬಿಸಿ.

ಇಂಪ್ಯಾಕ್ಟ್ ಡ್ರೈವರ್ ಲಾರಿ ಗ್ಯಾರೇಜಿಗೆ ಸರಿ. ಕೌಲಿಂಗಿನಲ್ಲಿ ಬಳಸುವುದಾದರೆ ಹಿಂದಿನಿಂದ ಮರದ ತುಂಡು ಒತ್ತಿ ಹಿಡಿಯಲು ಜಾಗ ಇರಲೇಬೇಕು. ಇಲ್ಲದಿದ್ದರೆ ಫೈಬರ್‌ಗ್ಲಾಸ್ ಬಿರಿಯುತ್ತದೆ, ತಗಡು ತಗ್ಗಾಗುತ್ತದೆ. ನನ್ನನ್ನು ಕೇಳಿದರೆ ಅದರ ಬದಲು ನೇರ ಏಳನೇ ಹಂತಕ್ಕೆ ಹೋಗುವುದೇ ಮೇಲು.

ಬಿಸಿ ಕೊಡುವುದಾದರೆ ಬೆಸುಗೆ ಹಾಕುವ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಮುಟ್ಟಿಸಿ ಹಿಡಿಯುವುದು, ಅಷ್ಟೇ. ಅದೂ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆ, ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿಯಾದ ಮೇಲೆ, ಹ್ಯಾಂಗರಿನವರ ಒಪ್ಪಿಗೆ ಸಿಕ್ಕ ಮೇಲೆ. ಬೆಂಕಿ, ಹೀಟ್ ಗನ್ ಬೇಡವೇ ಬೇಡ. ಅದು ಫೈಬರ್‌ಗ್ಲಾಸಿನ ರಾಳವನ್ನೇ ಮೆತ್ತಗೆ ಮಾಡುತ್ತದೆ, ಮೇಲಾಗಿ ಪಕ್ಕದಲ್ಲೇ ಇಂಧನದ ಲೈನ್ ಇದೆ.

7. ತಲೆ ಕೊರೆದು ತೆಗೆಯುವುದು.

ಇದು ಎಎಂಇ ಕೈಯಿಂದಲೇ ಆಗಬೇಕಾದ ಕೆಲಸ. ಹೇಗೆ ಅಂತ ಗೊತ್ತಿರಲಿ. ತಲೆಯ ನಡುವಿಗೆ ಪಂಚ್ ಹೊಡೆದು ಗುಳಿ ಮಾಡಿ, ಮೊದಲು ಸಣ್ಣ ಬಿಟ್, ಆಮೇಲೆ ಸ್ಕ್ರೂ ಕಂಬದ ದಪ್ಪಕ್ಕೆ ಹತ್ತಿರದ ಬಿಟ್. 8ನೇ ನಂಬರ್ ಸ್ಕ್ರೂ ಸುಮಾರು 4.2 ಮಿಲಿಮೀಟರ್ ದಪ್ಪ, 10ನೆಯದು ಸುಮಾರು 4.8. ಅದಕ್ಕಿಂತ ದೊಡ್ಡ ಬಿಟ್ ಹಾಕಿದರೆ ಕೌಲಿಂಗಿನ ತೂತೇ ದೊಡ್ಡದಾಗುತ್ತದೆ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಇನ್ನೂ ಒಳ್ಳೇದು. ಕೊರೆಯುವಾಗಲೇ ಕೆಲವು ಸಲ ಸ್ಕ್ರೂ ತಾನಾಗೇ ಬಿಚ್ಚಿಕೊಂಡು ಹೊರಗೆ ಬರುತ್ತದೆ.

ಕೊರೆಯುವುದು ತಲೆಯ ಆಳ ಮಾತ್ರ. ಬಿಟ್ಟಿಗೆ ತಡೆ ಉಂಗುರ ಹಾಕಿ. ಅದರ ಹಿಂದೆ ಏನಿದೆ ಅಂತ ಕನ್ನಡಿ ಹಿಡಿದು ನೋಡದೆ ಡ್ರಿಲ್ ಮುಟ್ಟಬೇಡಿ. ಇಗ್ನಿಷನ್ ವೈರ್, ಆಯಿಲ್ ಕೂಲರ್, ಹೋಸ್ ಇದ್ದಾವು. ತಲೆ ಕಳಚಿದ ಮೇಲೆ ಕೌಲಿಂಗ್ ಈಚೆ ಬರುತ್ತದೆ. ಉಳಿದ ಕಂಬಕ್ಕೆ ಒತ್ತಡ ಇರುವುದಿಲ್ಲವಾದ್ದರಿಂದ ಲಾಕಿಂಗ್ ಪ್ಲೈಯರ್‌ನಲ್ಲಿ ಹಿಡಿದರೆ ಆಶ್ಚರ್ಯ ಆಗುವಷ್ಟು ಸುಲಭವಾಗಿ ಬರುತ್ತದೆ. ಲೋಹದ ಪುಡಿಯನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ. ಅಯಸ್ಕಾಂತ ನಂಬಬೇಡಿ. ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ, ಸ್ಟೇನ್‌ಲೆಸ್ ಸ್ಕ್ರೂವಿನ ಪುಡಿಯೂ ಬಹುತೇಕ ಅಂಟುವುದಿಲ್ಲ.

ತಿರುಗುತ್ತಲೇ ಇರುತ್ತದೆ, ಈಚೆ ಬರುವುದಿಲ್ಲ ಅಂದರೆ

ಇದು ಜಾಮ್ ಅಲ್ಲ. ಸ್ಕ್ರೂವಾದರೆ ಹಿಂದಿನ ನಟ್‌ಪ್ಲೇಟಿನ ರಿವೆಟ್ ಕಿತ್ತು, ನಟ್ಟೂ ಜೊತೆಗೇ ಸುತ್ತುತ್ತಿದೆ. ತಗಡು ಮತ್ತು ಕೌಲಿಂಗಿನ ನಡುವೆ ತೆಳುವಾದ ಪ್ಲಾಸ್ಟಿಕ್ ಬೆಣೆ ತೂರಿಸಿ, ಸ್ಕ್ರೂ ಹೊರಕ್ಕೆ ಎಳೆದ ಹಾಗೆ ಒತ್ತಡ ಕೊಟ್ಟು ತಿರುಗಿಸಿ ನೋಡಿ. ಕೆಲವು ಸಲ ನಟ್ ಅಷ್ಟಕ್ಕೇ ಸಿಕ್ಕಿ ನಿಲ್ಲುತ್ತದೆ. ಹಿಂದಿನಿಂದ ಪ್ಲೈಯರ್ ಹಿಡಿಯಲು ಆದರೆ ಇನ್ನೂ ಒಳ್ಳೇದು. ಎರಡೂ ಆಗದಿದ್ದರೆ ತಲೆ ಕೊರೆಯುವುದೇ ದಾರಿ, ಆದರೆ ತಲೆಯೂ ಡ್ರಿಲ್ ಜೊತೆ ಸುತ್ತುತ್ತದೆ, ತಾಳ್ಮೆ ಬೇಕು.

ಕ್ಯಾಮ್‌ಲಾಕ್ ಹೀಗೆ ಸುತ್ತಿದರೆ ರಿಸೆಪ್ಟಕಲ್‌ನ ತಡೆ ಮುರಿದಿದೆ ಅಥವಾ ರಿವೆಟ್ ಸಡಿಲ. ಕೌಲಿಂಗನ್ನು ಒಳಕ್ಕೂ ಹೊರಕ್ಕೂ ಆಡಿಸುತ್ತಾ ನಿಧಾನಕ್ಕೆ ತಿರುಗಿಸುತ್ತಿದ್ದರೆ ಪಿನ್ನು ಒಂದು ಜಾಗದಲ್ಲಿ ಸೀಳಿಗೆ ಎದುರಾಗಿ ಹೊರಗೆ ಬರುತ್ತದೆ. ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ಹಾಳಾದ ರಿಸೆಪ್ಟಕಲ್ ಬದಲಿಸುವುದು ಸಣ್ಣ ಕೆಲಸ, ಹರಿದ ಕೌಲಿಂಗ್ ಸರಿ ಮಾಡುವುದು ದೊಡ್ಡ ಖರ್ಚು.

ಲೂಸಾಗಿದ್ದರೆ

1. ನಿಜವಾಗಿ ಯಾವುದು ಲೂಸು ಅಂತ ಕಂಡುಹಿಡಿಯಿರಿ.

ಪ್ರತಿಯೊಂದರ ಪಕ್ಕ ಅಂಗೈ ಇಟ್ಟು ಒತ್ತಿ ಬಿಡಿ. ಶಬ್ದ ಕೇಳಿ. ತಲೆಯ ಸುತ್ತ ಕಪ್ಪು ಬೂದು ಬಣ್ಣದ ಮಸಿ ಹಿಂದಕ್ಕೆ ಎಳೆದ ಹಾಗೆ ಕಂಡರೆ ಅಲ್ಲಿ ಅಲ್ಯೂಮಿನಿಯಂ ತಿಕ್ಕಾಡಿ ಪುಡಿಯಾಗುತ್ತಿದೆ ಅಂತ ಲೆಕ್ಕ. ಒರೆಸಿ ಬಿಡುವ ಕೊಳೆ ಅಲ್ಲ ಅದು. ಪೈಲಟ್ ವಿದ್ಯಾರ್ಥಿಗಳೇ, ಹಾರುವ ಮುಂಚಿನ ಸುತ್ತಿನಲ್ಲಿ ನೀವು ಹುಡುಕಬೇಕಾದ ಗುರುತು ಇದು.

2. ಸ್ಟಡ್ ಅದಲು ಬದಲು ಮಾಡಿ.

ಗಟ್ಟಿ ಹಿಡಿಯುತ್ತಿರುವ ಪಕ್ಕದ ಒಂದು ಸ್ಟಡ್, ಅದೇ ಉದ್ದದ್ದು, ತೆಗೆದು ಲೂಸಿನ ಜಾಗಕ್ಕೆ ಹಾಕಿ ನೋಡಿ. ಹಿಡಿಯಿತಾ? ಹಾಗಾದರೆ ಹಳೇ ಸ್ಟಡ್ ಸವೆದಿದೆ. ಹಿಡಿಯಲಿಲ್ಲವಾ? ತಪ್ಪು ರಿಸೆಪ್ಟಕಲ್‌ದು. ಇಷ್ಟು ಸರಳ ಪರೀಕ್ಷೆ ಮಾಡದೆ ಸ್ಟಡ್ ಮೇಲೆ ಸ್ಟಡ್ ಬದಲಿಸುತ್ತಾ ಹೋಗುವುದನ್ನು ನೋಡಿದರೆ ಬೇಜಾರಾಗುತ್ತದೆ. ಸ್ಪ್ರಿಂಗ್ ಇರುವ ಕ್ಯಾಮ್‌ಲಾಕ್ ಸ್ಟಡ್ ತೆಗೆಯಲು ಅದಕ್ಕೇ ಅಂತ ಇರುವ ಪ್ಲೈಯರ್ ಬೇಕು. ಮಾಮೂಲಿ ಪ್ಲೈಯರ್‌ನಲ್ಲಿ ಹಿಂಡಿದರೆ ಸ್ಪ್ರಿಂಗ್ ಕೂತಿರುವ ಬಟ್ಟಲು ಬಾಗುತ್ತದೆ.

3. ಉದ್ದ ನೋಡಿ.

ಸ್ಟಡ್‌ಗಳು ಸ್ವಲ್ಪ ಸ್ವಲ್ಪವೇ ಬೇರೆಯಾದ ಉದ್ದಗಳಲ್ಲಿ ಬರುತ್ತವೆ. ಕ್ಯಾಮ್‌ಲಾಕ್‌ನಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು 0.03 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ. ಗಿಡ್ಡ ಆದರೆ ಪಿನ್ನು ಹಿಡಿಯುವುದೇ ಇಲ್ಲ, ಅಥವಾ ಜೀವ ಹೋಗುವಷ್ಟು ಒತ್ತಬೇಕು. ಉದ್ದ ಆದರೆ ಆರಾಮಾಗಿ ಲಾಕ್ ಆಗುತ್ತದೆ, ಆದರೆ ಕೌಲಿಂಗ್ ಆಡುತ್ತದೆ. ಈ "ಆರಾಮಾಗಿ" ಅನ್ನುವುದೇ ಮೋಸ. ಅವಸರದಲ್ಲಿ ಯಾರೋ ಒಂದು ನಂಬರ್ ಉದ್ದದ್ದು ಹಾಕಿರುತ್ತಾರೆ, ಲಾಕ್ ಆಯಿತಲ್ಲ ಅಂತ ಎಲ್ಲರೂ ಖುಷಿ. ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಆ ಜಾಗಕ್ಕೆ ಯಾವ ನಂಬರ್ ಅಂತ ನೋಡಿ. ಮೇಲಿನ, ಬದಿಯ, ಕೆಳಗಿನ ಜಾಗಗಳಿಗೆ ಬೇರೆ ಬೇರೆ ಉದ್ದ ಇರಬಹುದು. ಬಿಚ್ಚುವಾಗ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ಇದೇ ಆಗುವುದು.

4. ಗ್ರಾಮೆಟ್ ಮತ್ತು ತೂತು.

ಸ್ಟಡ್ ಕೌಲಿಂಗಿನ ತೂತಿನಲ್ಲಿ ನೇರ ತಿಕ್ಕದಂತೆ ನಡುವೆ ಇರುವ ಲೋಹದ ಬಳೆಗೆ ಗ್ರಾಮೆಟ್ ಅನ್ನುತ್ತಾರೆ. ಅದು ಬಿದ್ದುಹೋಗಿದ್ದರೆ ಸ್ಟಡ್ ತೂತನ್ನು ಮೊಟ್ಟೆಯಾಕಾರಕ್ಕೆ ಸವೆಸುತ್ತದೆ. ತೂತು ಹಾಗಾಗಿದ್ದರೆ ಹೊಸ ಸ್ಟಡ್ ಹಾಕಿ ಪ್ರಯೋಜನ ಇಲ್ಲ. ಮ್ಯಾನ್ಯುಯಲ್ ಹೇಳಿದ ಹಾಗೆ ಗ್ಲಾಸ್ ಬಟ್ಟೆ, ಎಪಾಕ್ಸಿ ಹಾಕಿ ಸರಿ ಮಾಡಿ ಮತ್ತೆ ಕೊರೆಯಬೇಕು. ದಪ್ಪ ವಾಷರ್ ಹಾಕಿ ಮುಚ್ಚುವುದು, ಜೂಸ್ ತಂತಿಯನ್ನು ಪ್ಲೈಯರ್‌ನಲ್ಲಿ ಬಗ್ಗಿಸಿ "ಟೆನ್ಷನ್ ಕೊಡುವುದು", ಇವೆಲ್ಲ ಒಂದು ವಾರದ ಬಾಳಿಕೆಯವು. ಬಗ್ಗಿಸಿದ ಸ್ಪ್ರಿಂಗ್ ತಂತಿ ಅಲ್ಲೇ ಮುರಿಯುತ್ತದೆ.

5. ಸ್ಕ್ರೂಗಳಿಗೆ ಬೆರಳ ಪರೀಕ್ಷೆ.

ನಟ್‌ಪ್ಲೇಟ್ ತಾನಾಗಿ ಸಡಿಲವಾಗದಂತೆ ಸ್ವಲ್ಪ ಬಿಗಿ ಇಟ್ಟೇ ಮಾಡಿರುತ್ತಾರೆ. ಬೆರಳಲ್ಲೇ ಕೊನೆ ತನಕ ಸ್ಕ್ರೂ ಹೋಗುತ್ತಿದ್ದರೆ ಆ ಬಿಗಿ ಸತ್ತಿದೆ, ನಟ್‌ಪ್ಲೇಟ್ ಬದಲಿಸಿ. ಥ್ರೆಡ್‌ಗೆ ಲಾಕ್ಟೈಟ್‌ನಂಥ ಅಂಟು ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪದೇಪದೇ ಬಿಚ್ಚುವ ಜಾಗ ಇದು. ಇವತ್ತಿನ ಲೂಸು ನಾಳೆ ಜಾಮ್ ಆಗುತ್ತದೆ. ಟಿನ್ನರ್‌ಮನ್ ಕ್ಲಿಪ್ ಬಾಯಿ ಬಿಟ್ಟಿದ್ದರೆ ಸುಮ್ನೆ ಹೊಸದು ಹಾಕಿ, ಅದಕ್ಕೆ ಚಿಂತನೆ ಬೇಡ. ಸ್ಕ್ರೂ ತುದಿ ನಟ್ಟಿನಿಂದ ಒಂದು ಥ್ರೆಡ್ ಆದರೂ ಆಚೆ ಬಂದಿರಬೇಕು. ಬಹಳ ಉದ್ದ ಬಂದು ಹೋಸಿಗೆ ತಾಗುವಂತೆಯೂ ಇರಬಾರದು.

6. ಮತ್ತೆ ಮತ್ತೆ ಅದೇ ಜಾಗ ಲೂಸಾಗುತ್ತಿದ್ದರೆ ಹಿಂದೆ ಸರಿದು ನೋಡಿ.

ವಿಮಾನದ ಮುಂದೆ ನಿಂತು ಸ್ಪಿನ್ನರ್, ಅಂದರೆ ಪ್ರೊಪೆಲರ್ ಮಧ್ಯದ ಮೂತಿ, ಮತ್ತು ಕೌಲಿಂಗಿನ ನಡುವಿನ ಸಂದಿ ಗಮನಿಸಿ. ಸುತ್ತಲೂ ಒಂದೇ ಸಮ ಇದೆಯಾ? ಸ್ಪಿನ್ನರ್ ಕೆಳಕ್ಕೆ ಇಳಿದ ಹಾಗೆ ಕಂಡರೆ ಎಂಜಿನ್ ಕೂರಿಸಿದ ರಬ್ಬರ್ ಮೌಂಟ್‌ಗಳು ಕುಗ್ಗಿವೆ. ಎಂಜಿನ್ ಇಳಿದಿದೆ, ಕೌಲಿಂಗನ್ನು ಬಲವಂತವಾಗಿ ಎಳೆದು ಕೂರಿಸುತ್ತಿದ್ದೀರಿ, ಆ ಎಳೆತವೆಲ್ಲ ನಾಲ್ಕು ಫಾಸ್ಟ್‌ನರ್ ಮೇಲೆ ಬೀಳುತ್ತಿದೆ. ಕೆಲವು ಸೆಸ್ನಾಗಳಲ್ಲಿ ಕೌಲಿಂಗಿಗೂ ಸಣ್ಣ ರಬ್ಬರ್ ಮೌಂಟ್‌ಗಳಿವೆ. ಅವು ಒಣಗಿ ಸೀಳಿದರೂ ಹೀಗೇ. ಆಗ ಬದಲಿಸಬೇಕಾದದ್ದು ಫಾಸ್ಟ್‌ನರ್ ಅಲ್ಲ, ರಬ್ಬರ್. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲು ನೋಡುವುದಿಲ್ಲ.

"ಒಂದು ಇಲ್ಲದಿದ್ದರೆ ಹಾರಬಹುದಾ, ಎರಡು ಇಲ್ಲದಿದ್ದರೆ?" ಅಂತ ಕೇಳುವವರಿಗೆ ಎಲ್ಲಾ ವಿಮಾನಕ್ಕೂ ಹೊಂದುವ ಲೆಕ್ಕ ನನ್ನಲ್ಲಿಲ್ಲ, ಇರಲೂಬಾರದು. ಮ್ಯಾನ್ಯುಯಲ್, ಎಎಂಇ ಇಬ್ಬರೂ ಒಪ್ಪಬೇಕು. ಮುಂದಿನ ಅಂಚಿನದು, ಮೂಲೆಯದು ಇಲ್ಲದಿದ್ದರೆ ಮಾತ್ರ ಕೇಳುವುದೂ ಬೇಡ, ಹಾರಬೇಡಿ. ಗಾಳಿ ಮೊದಲು ಬೆರಳು ತೂರಿಸುವುದೇ ಅಲ್ಲಿ. ಕಾಣೆಯಾದ ಫಾಸ್ಟ್‌ನರ್ ಎಲ್ಲಿ ಹೋಯಿತು ಅಂತಲೂ ಹುಡುಕಬೇಕು. ಅದು ಕೌಲಿಂಗ್ ಒಳಗೆ, ಎಂಜಿನ್ ಸುತ್ತ ಎಲ್ಲೋ ಕುಳಿತಿರಬಹುದು.

ಮತ್ತೆ ಹಾಕುವಾಗ

ಹಾಕುವ ಮುಂಚೆ ಬ್ಯಾಫಲ್ ರಬ್ಬರ್ ಪಟ್ಟಿಗಳು ಮಡಚಿಕೊಳ್ಳದೆ, ಗಾಳಿ ಒತ್ತಡದ ಕಡೆಗೆ ಬಾಗಿ ಕೂರುವಂತೆ ಬೆರಳಾಡಿಸಿ. ಲೈಟಿನ ವೈರ್ ಸೇರಿಸಿ. ಮೊದಲು ಎಲ್ಲಾ ಸ್ಕ್ರೂಗಳನ್ನೂ ಎರಡು ಮೂರು ಸುತ್ತು ಕೈಯಿಂದ ಹಿಡಿಸಿ, ಆಮೇಲೆ ಬಿಗಿ ಮಾಡುತ್ತಾ ಬನ್ನಿ. ಒಂದನ್ನು ಪೂರ್ತಿ ಬಿಗಿ ಮಾಡಿ ಮುಂದಿನದಕ್ಕೆ ಹೋದರೆ ಕೊನೆಯ ತೂತು ಕೂಡುವುದಿಲ್ಲ. ಆಗ ಸ್ಕ್ರೂ ಡ್ರೈವರ್‌ನಲ್ಲಿ ಮೀಟಿ ಕೂಡಿಸಿದರೆ ಮುಂದಿನ ಜಾಮ್‌ಗೆ ಇವತ್ತೇ ಬೀಜ ಬಿತ್ತಿದ ಹಾಗಾಯಿತು.

ಕಾಲು ಸುತ್ತಿನವು ಕುಳಿಗೆ ಬಿದ್ದದ್ದು ಕೈಗೆ ತಿಳಿಯುತ್ತದೆ. ಲಾಕ್ ಆದ ಮೇಲೆ ಸೀಳಿನ ನೇರಕ್ಕೆ ತಲೆ ಮತ್ತು ಕೌಲಿಂಗ್ ಎರಡನ್ನೂ ದಾಟುವ ಸಣ್ಣ ಬಣ್ಣದ ಗೆರೆ ಎಳೆಯಿರಿ, ಎಎಂಇ ಒಪ್ಪಿದರೆ. ಬೆಳಗ್ಗೆ ವಿಮಾನ ಸುತ್ತುವ ವಿದ್ಯಾರ್ಥಿಗೆ ಗೆರೆ ತಪ್ಪಿದ್ದು ದೂರದಿಂದಲೇ ಕಾಣುತ್ತದೆ.

ಕರಾವಳಿಯ ಗಾಳಿ, ಒಳನಾಡಿನ ಧೂಳು

1928ರಿಂದ ವಿಮಾನ ಕಾಣುತ್ತಿರುವ ಜುಹು ಸಮುದ್ರದ ಮಗ್ಗುಲಲ್ಲೇ ಇದೆ. ಉಪ್ಪಿನ ಗಾಳಿಗೆ ಉಕ್ಕಿನ ಸ್ಟಡ್‌ನ ಕ್ಯಾಡ್ಮಿಯಂ ಲೇಪ ಮೊದಲು ಸೀಳಿನ ಒಳಗೆ ಹೋಗುತ್ತದೆ, ಯಾಕೆಂದರೆ ಅಲ್ಲಿ ಬಿಟ್ ದಿನಾ ಕೆರೆಯುತ್ತದೆ. ಉಕ್ಕು ಮತ್ತು ಅಲ್ಯೂಮಿನಿಯಂ ಒದ್ದೆ ಉಪ್ಪಿನಲ್ಲಿ ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಸ್ಟಡ್ ಅದರಲ್ಲಿ ಹೂತುಹೋಗುತ್ತದೆ. ಗೋವಾದ ಕಡೆ ನಿಲ್ಲಿಸುವ ವಿಮಾನಕ್ಕೂ ಇದೇ ಪಾಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಾರಾಟ ಕಡಿಮೆ ಅಂತ ವಿಮಾನ ನಿಲ್ಲಿಸಿದ್ದರೂ ತಿಂಗಳಿಗೆ ಒಂದು ಸಲವಾದರೂ ಪ್ರತಿ ಫಾಸ್ಟ್‌ನರ್ ಬಿಚ್ಚಿ, ಒರೆಸಿ, ಮ್ಯಾನ್ಯುಯಲ್ ಒಪ್ಪುವ ತುಕ್ಕು ತಡೆಯುವ ದ್ರಾವಣ ತೆಳುವಾಗಿ ಹಚ್ಚಿ ಮತ್ತೆ ಹಾಕಿಸಿ. ಮಳೆ ಮುಗಿದ ಮೇಲೆ ಒಟ್ಟಿಗೆ ನೋಡೋಣ ಅಂದರೆ ಅಕ್ಟೋಬರ್ ಪೂರ್ತಿ ಡ್ರಿಲ್ ಹಿಡಿಯಬೇಕಾಗುತ್ತದೆ.

ಬಾರಾಮತಿ ಕಡೆ ಇದಕ್ಕೆ ಉಲ್ಟಾ. ಅಲ್ಲಿ ಎಣ್ಣೆ ಜಾಸ್ತಿ ಹಚ್ಚಿದರೆ ಧೂಳು ಕೂತು ಉಜ್ಜುವ ಪೇಸ್ಟ್ ಆಗುತ್ತದೆ, ಪಿನ್ನು ಬೇಗ ಸವೆಯುತ್ತದೆ. ಒರೆಸಿ ಒಣಗಿದ ಹಾಗೆ ಇಡಿ, ಸ್ಟಡ್ ತುದಿಗೆ ಮಾತ್ರ ಲವಲೇಶ.

ಕೌಲಿಂಗ್ ಬಿಚ್ಚಿ ಹಾಕಿದ ದಿನ, ಮೊದಲ ಹಾರಾಟ ಮುಗಿದು ಎಂಜಿನ್ ತಣ್ಣಗಾದ ಮೇಲೆ, ಇನ್ನೊಂದು ಸಲ ಅಂಗೈ ಪರೀಕ್ಷೆ ಮಾಡಿ. ಬಿಸಿಗೆ ಹಿಗ್ಗಿ ತಣ್ಣಗಾಗಿ ಕುಗ್ಗಿದಾಗಲೇ ಅರ್ಧಂಬರ್ಧ ಕೂತ ಸ್ಟಡ್ ಕುಳಿಯಿಂದ ಹೊರಗೆ ಬರುವುದು. ಯಾವುದಾದರೂ ಆಡಿದರೆ ಆ ಜಾಗದ ಹೆಸರು ಹಾಕಿ ಡಿಫೆಕ್ಟ್ ಪುಸ್ತಕದಲ್ಲಿ ಬರೆಯಿರಿ. "ಕೌಲಿಂಗ್ ಲೂಸು" ಅಂತ ಬರೆದರೆ ಸಾಲದು, "ಎಡಗಡೆ, ಮುಂದಿನಿಂದ ಎರಡನೆಯದು" ಅಂತ ಬರೆಯಿರಿ.